ಎಲೆಯ ಪಕ್ಕದ ಹಣ್ಣು

ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಇದು ನನ್ನ ಮಾತಲ್ಲ, ಹೆತ್ತ ಅಪ್ಪನ ಮಾತು. ಮದುವೆಯ ಮಾತುಕತೆಗೆ ಬಂದವರ ಮುಂದೆಯೇ ಅಪ್ಪ, "ಹುಡುಗಿ ಚಿನ್ನ, ಆದ್ರೆ ಸ್ವಲ್ಪ ಖಾರ" ಎಂದು ಹೇಳಿ ಕೈ ತೊಳೆದುಕೊಂಡಿದ್ದ. ಅದಕ್ಕೆ ಅತ್ತೆ, "ಖಾರ ಇರ್ಲಿ ಬಿಡಿ, ಸಪ್ಪೆಯಾದ್ರೆ ನಮಗೂ ಬೇಜಾರು" ಎಂದು ನಕ್ಕಿದ್ದರು. ಆ ಅತ್ತೆಯ ಮುಖವನ್ನು ನೇರವಾಗಿ ನೋಡಲು ಈಗ ನನ್ನಿಂದ ಆಗುತ್ತಿಲ್ಲ. ಒಂದೇ ಮನೆಯಲ್ಲಿದ್ದೇವೆ, ಒಂದೇ ಬಸ್ಸಿನಲ್ಲಿ ಕೆಲಸಕ್ಕೆ ಹೋಗುತ್ತೇವೆ, ಒಂದೇ ಕೋಣೆಯಲ್ಲಿ ದುಡಿಯುತ್ತೇವೆ. ತಪ್ಪಿಸಿಕೊಂಡು ಹೋಗುವುದಾದರೂ ಎಲ್ಲಿಗೆ?

ನಮ್ಮದು ಸಲಾಡಿನ ಸೊಪ್ಪು ಕತ್ತರಿಸಿ ಪ್ಯಾಕೆಟ್ ಮಾಡುವ ಕೆಲಸ. ಉದ್ದನೆಯ ತಣ್ಣಗಿನ ಕೋಣೆ, ನಡುವೆ ಸ್ಟೀಲಿನ ಮೇಜು. ಮೇಜಿನ ಈ ತುದಿಯಲ್ಲಿ ಸೊಪ್ಪು ಆರಿಸುವವರು, ಆ ತುದಿಯಲ್ಲಿ ಚಾಕು ಹಿಡಿದವರು. ಆಮೇಲೆ ಮಂಜುಗಡ್ಡೆಯ ನೀರಿನ ತೊಟ್ಟಿ, ನೀರು ಹಿಂಡಿ ತೆಗೆಯುವ ಡ್ರಮ್ಮು, ಪ್ಯಾಕೆಟ್ಟಿಗೆ ಬಾಯಿ ಅಂಟಿಸುವ ಯಂತ್ರ, ಕೊನೆಗೆ ದಪ್ಪ ಬಾಗಿಲಿನ ಕೋಲ್ಡ್ ರೂಮು. ಯಜಮಾನಿ ಮೇಡಂ ಜೇಬಿನಲ್ಲಿ ಥರ್ಮಾಮೀಟರ್ ಇಟ್ಟುಕೊಂಡೇ ಓಡಾಡುವವರು, ಸಿಕ್ಕ ಸಿಕ್ಕ ತೊಟ್ಟಿಗೆ ಅದ್ದಿ ನೋಡುವವರು. ಅವರ ಬೆನ್ನ ಹಿಂದೆ ಎಲ್ಲರೂ ಅವರನ್ನು ಥರ್ಮಾಮೀಟರ್ ಎಂದೇ ಕರೆಯುತ್ತಿದ್ದೆವು. ಅತ್ತೆ ಮೇಜಿನ ಮೇಲ್ವಿಚಾರಕಿ. ನಮ್ಮೆಲ್ಲರದು ಬಿಳಿ ಏಪ್ರನ್, ಅವರೊಬ್ಬರದು ಹಸಿರು.

ಚಾಕು ಹಿಡಿಯಲು ನನಗೆ ಕಲಿಸಿದ್ದು ಅತ್ತೆಯೇ. "ಒತ್ತಬೇಡ ಕಣೇ, ಎಳಿ. ತಾನು ತುಂಡಾದೆ ಅಂತ ಸೊಪ್ಪಿಗೇ ಗೊತ್ತಾಗಬಾರದು" ಎನ್ನುತ್ತಿದ್ದರು. ಮೊಂಡು ಅಲಗಿನಿಂದ ಒತ್ತಿದರೆ ಎಲೆ ಜಜ್ಜಿಹೋಗುತ್ತದೆ, ರಸ ಹೊರಗೆ ಬರುತ್ತದೆ. ಆ ಹೊತ್ತಿಗೆ ಏನೂ ಕಾಣುವುದಿಲ್ಲ. ಪ್ಯಾಕೆಟ್ಟಿನೊಳಗೆ ಒಂದೆರಡು ದಿನ ಕಳೆದ ಮೇಲೆ ಕತ್ತರಿಸಿದ ಅಂಚೆಲ್ಲ ಕಂದು ಬಣ್ಣಕ್ಕೆ ತಿರುಗಿ ಕುಳಿತಿರುತ್ತದೆ. ಹರಿತವಾದ ಅಲಗನ್ನು ಒಂದೇ ಸಲ ಎಳೆದರೆ ಅಂಚು ಬೆಳ್ಳಗೆ ಉಳಿಯುತ್ತದೆ. ನಾನು ಬೇಗ ಕಲಿತೆ. "ನನ್ನ ಸೊಸೆ ಕೈಗುಣ ಒಳ್ಳೇದು" ಎಂದು ಅತ್ತೆ ಬಂದವರಿಗೆಲ್ಲ ಹೇಳಿಕೊಂಡು ಓಡಾಡಿದರು. ನನಗೂ ಕೊಂಬು ಬಂದಿತ್ತು, ಸುಳ್ಳು ಯಾಕೆ ಹೇಳಲಿ.

ಇನ್ನೊಂದು ವಿಷಯ ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ಹಳದಿಯಾದ ಎಲೆಗೆ ಹಣ್ಣೆಲೆ ಎನ್ನುತ್ತಾರಲ್ಲ, ನಮ್ಮ ಮೇಜಿನಲ್ಲಿ ಅದು ಸವೆದು ಸವೆದು ಬರೀ 'ಹಣ್ಣು' ಆಗಿತ್ತು. "ಹಣ್ಣು ಆರಿಸು", "ಈ ಬುಟ್ಟಿ ತುಂಬಾ ಹಣ್ಣು", "ಹಣ್ಣು ಬಿಟ್ಟಿದ್ದೀಯಲ್ಲೇ, ಕಣ್ಣು ಎಲ್ಲಿಟ್ಟಿದ್ದೆ?" ದಿನವಿಡೀ ಇದೇ ಮಾತು. ಆ ಕೋಣೆಯೊಳಗೆ ಹಣ್ಣು ಎಂದರೆ ತಿನ್ನುವ ಹಣ್ಣು ಯಾರ ತಲೆಗೂ ಬರುತ್ತಿರಲಿಲ್ಲ.

ನಮ್ಮ ಮಾಲು ಹೆಚ್ಚು ಕೊಳ್ಳುವುದು ಒಂದು ದೊಡ್ಡ ಕ್ಯಾಂಟೀನು. ಮೊನ್ನೆ ಅಲ್ಲಿಂದ ಪ್ಯಾಕೆಟ್ಟುಗಳು ವಾಪಸ್ ಬಂದವು. ಲೆಟಿಸ್ ಎಲೆಯ ನಡುದಂಟಿನ ಮೇಲೆ ತುಕ್ಕು ಹಿಡಿದಂತೆ ಸಣ್ಣ ಸಣ್ಣ ಕಂದು ಚುಕ್ಕೆ. ಹಿಂದೆಯೇ ಅಲ್ಲಿಯ ದೊಡ್ಡ ಅಡುಗೆಯವರು ಫೋನ್ ಮಾಡಿದರು. ಡ್ರಮ್ಮು ಗರಗರ ತಿರುಗುತ್ತಿತ್ತು, ಫೋನ್ ಎತ್ತಿದ್ದು ಅತ್ತೆ. ಒಂದು ಕಿವಿ ಮುಚ್ಚಿಕೊಂಡು, "ಆಯ್ತು ಸಾರ್, ಆಯ್ತು, ನೋಡ್ತೀವಿ" ಎಂದು ಇಟ್ಟರು. ನಮ್ಮ ಕಡೆ ತಿರುಗಿ, "ಎಲೆ ಜೊತೆ ಹಣ್ಣು ಇದೆಯಂತೆ. ಅದ್ರಿಂದಾನೇ ಹೀಗಾಗ್ತಿರೋದಂತೆ. ಕಣ್ಣು ಬಿಟ್ಕೊಂಡು ಆರಿಸ್ರೇ!" ಎಂದರು.

ಆರಿಸಿದ್ದೇ ಆರಿಸಿದ್ದು. ಸ್ವಲ್ಪ ಮಾಸಿದ ಎಲೆಯೂ ಉಳಿಯದ ಹಾಗೆ ಬುಟ್ಟಿ ಬುಟ್ಟಿ ಎಸೆದೆವು. ಆದರೂ ಪ್ಯಾಕೆಟ್ಟುಗಳು ಮತ್ತೆ ವಾಪಸ್ ಬಂದವು, ಅದೇ ಚುಕ್ಕೆ. ಮೇಡಂ ಎಲ್ಲರನ್ನೂ ಮೇಜಿನ ಸುತ್ತ ನಿಲ್ಲಿಸಿದರು.

"ಇನ್ನೊಂದ್ಸಲ ಹೀಗಾದ್ರೆ ಕ್ಯಾಂಟೀನ್ ನಮ್ಮನ್ನ ಬಿಟ್ಟು ಬೇರೆಯವರನ್ನ ನೋಡ್ಕೊಳ್ಳುತ್ತೆ. ನೀರು ತಣ್ಣಗಿದೆ, ರೂಮ್ ತಣ್ಣಗಿದೆ, ಆರಿಸೋದೂ ಆಯ್ತು. ಉಳಿದಿದ್ದು ಏನು? ಯಾರ ಕೈಯಿಂದ ಆಗ್ತಿದೆ?"

ಅತ್ತೆ ಒಂದು ಹೆಜ್ಜೆ ಮುಂದೆ ಬಂದರು.

"ಸೊಸೆ ಅಂತ ನಾನು ಮುಚ್ಚಿಡಲ್ಲ ಮೇಡಂ. ಉಳಿದಿದ್ದು ಚಾಕು ಒಂದೇ, ಲೆಟಿಸ್ ಕತ್ತರಿಸೋ ಚಾಕು ಇವಳ ಕೈಯಲ್ಲಿದೆ. ಈಚೆಗೆ ಇವಳ ಕೈ ಭಾರ ಆಗಿದೆ."

ನನ್ನ ಮುಖಕ್ಕೆ ಬಿಸಿನೀರು ಎರಚಿದ ಹಾಗಾಯಿತು. ವಾಪಸ್ ಬಂದ ಎಲೆಯೊಂದನ್ನು ಎತ್ತಿ ಹಿಡಿದು, "ಅಂಚು ನೋಡಿ ಅತ್ತೆ, ಬೆಳ್ಳಗಿದೆ. ಚುಕ್ಕೆ ಇರೋದು ದಂಟಿನ ಮೇಲೆ, ಚಾಕು ಮುಟ್ಟದೇ ಇರೋ ಕಡೆ" ಎಂದೆ. ದನಿ ಏರಿತ್ತು. ಅತ್ತೆ ಎಲೆಯ ಕಡೆ ನೋಡದೆ, "ಮೊದಲು ಕೂಗೋದು ನಿಲ್ಸು" ಎಂದರು. ನನ್ನ ಕೋಪವೇ ನನ್ನ ಮಾತನ್ನು ತಿಂದುಹಾಕಿತು. ಮೇಡಂ ನನ್ನ ಕೈಯಿಂದ ಚಾಕು ತೆಗೆದು ಪಕ್ಕದವಳಿಗೆ ಕೊಟ್ಟು, ನನ್ನನ್ನು ತೊಟ್ಟಿಗೆ ಕಳಿಸಿದರು. ಈ ವಾರದ ಮಾಲು ಸರಿಹೋದರೆ ಚಾಕು ಆಕೆಗೇ ಕಾಯಂ ಎಂದರು.

ತೊಟ್ಟಿಯ ಕೆಲಸ ಅಂದರೆ ಮಂಜುನೀರಿನಲ್ಲಿ ಮೊಣಕೈವರೆಗೆ ಕೈ ಮುಳುಗಿಸಿ ಸೊಪ್ಪು ಆಡಿಸುವುದು. ಕೈಗವಸಿನೊಳಗೂ ಬೆರಳು ಮರಗಟ್ಟುತ್ತದೆ. ಅದೇನೂ ದೊಡ್ಡದಲ್ಲ. ಜೊತೆಯವರು ನನ್ನ ಕಡೆ ನೋಡದೆ ಹಾದುಹೋಗುತ್ತಿದ್ದರಲ್ಲ, ಅದು ಸಾಕಾಗಿತ್ತು. ಮಾನ ಹರಾಜಾಗಿತ್ತು, ಹರಾಜು ಕೂಗಿದ್ದು ನಮ್ಮ ಮನೆಯವರೇ. ಆ ದಿನ ಮನೆಗೆ ಬಂದು ಅಡುಗೆಮನೆಯ ಚಾಕು ಮಸೆದು ಕಾಗದ ಸೀಳಿ ನೋಡಿದೆ, ಈರುಳ್ಳಿ ಹೆಚ್ಚಿ ನೋಡಿದೆ. ಕೈ ನಿಜವಾಗಿಯೂ ಭಾರವಾಗಿದೆಯೇನೋ ಅನ್ನಿಸತೊಡಗಿತು. ನಾಚಿಕೆ ಅನ್ನುವುದು ಹಾಗೆ, ಒಳಗೆ ಬಂದು ಕೂತರೆ ಮಾಡದ ತಪ್ಪನ್ನೂ ಒಪ್ಪಿಸಿಬಿಡುತ್ತದೆ. ಅತ್ತೆಯೊಡನೆ ಮಾತು ಬಿಟ್ಟೆ. ಅವರೂ ಬಲವಂತ ಮಾಡಲಿಲ್ಲ.

ಸೊಪ್ಪಿನ ವಿಷಯದಲ್ಲಿ ಕಷ್ಟ ಏನೆಂದರೆ, ಇವತ್ತಿನ ತಪ್ಪು ಇವತ್ತು ಕಾಣುವುದಿಲ್ಲ. ಚುಕ್ಕೆ ಏಳಲು ದಿನ ಬೇಕು. ಹಾಗಾಗಿ ಚಾಕು ಬೇರೆ ಕೈಗೆ ಹೋದ ಮೇಲೆ ಮಾಲು ಸರಿಯಾಯಿತೋ ಇಲ್ಲವೋ ಎಂದು ಯಾರಿಗೂ ತಿಳಿಯದು. ನಾನು ತೊಟ್ಟಿಯಲ್ಲಿ ಕೈ ಅದ್ದಿಕೊಂಡು ಕಾಯಬೇಕಿತ್ತು ಅಷ್ಟೇ.

ಶುಕ್ರವಾರ ವ್ಯಾನಿನ ಡ್ರೈವರ್ ಬಂದ. ಗೇಟು ತೆರೆದಿದ್ದರೂ ಹಾರ್ನ್ ಬಾರಿಸುವ ಅಭ್ಯಾಸ ಅವನಿಗೆ, ಅದಕ್ಕೇ ಅವನ ಹೆಸರು ಹಾರ್ನ್. ಖಾಲಿ ಕ್ರೇಟುಗಳನ್ನು ತೊಟ್ಟಿಯ ಪಕ್ಕ ಇಳಿಸುತ್ತಾ, "ಏನಕ್ಕಾ, ಮೀನು ಹಿಡೀತಿದ್ದೀರಾ?" ಎಂದ.

"ನಿನ್ನ ನಾಲಿಗೆ ಸಿಕ್ಕಿದ್ರೆ ಅದನ್ನೇ ಹಿಡೀತಿದ್ದೆ" ಎಂದೆ.

"ನನ್ನ ಮೇಲೆ ಯಾಕೆ ಸಿಟ್ಟು? ಅಡುಗೆಯವರು ನನಗೂ ಬೈದು ಕಳಿಸಿದ್ದಾರೆ. ಹಣ್ಣು ತೆಗೀರಿ ಅಂದ್ರೂ ಇನ್ನೂ ತೆಗೆದಿಲ್ವಾ ಅಂತ."

"ತೆಗೆದು ತೆಗೆದು ಕೈ ಸೋತಿದೆ ಕಣಯ್ಯ. ಒಂದು ಹಳದಿ ಎಲೆ ತೋರಿಸು ನೋಡೋಣ."

ಹಾರ್ನ್ ಕ್ರೇಟು ಕೆಳಗಿಟ್ಟು ನನ್ನ ಮುಖ ನೋಡಿದ. "ಹಳದಿ ಎಲೆ ಯಾಕೆ? ಹಣ್ಣು ಅಂದ್ರೆ ಹಣ್ಣು, ತಿನ್ನೋ ಹಣ್ಣು! ಸೇಬು, ಮರಸೇಬು, ಅಂಥದ್ದು. ಹಣ್ಣಾಗಿರೋದು ಉಸಿರು ಬಿಡುತ್ತಂತೆ. ಮುಚ್ಚಿದ ರೂಮಲ್ಲಿ ಆ ಗಾಳಿ ತಾಗಿದ್ರೆ ಲೆಟಿಸ್ ದಂಟಿಗೆ ಚುಕ್ಕೆ ಏಳುತ್ತಂತೆ. ಅವರ ಕ್ಯಾಂಟೀನಲ್ಲೂ ಒಂದ್ಸಲ ಹೀಗೇ ಆಗಿತ್ತಂತೆ."

ದಂಟಿನ ಮೇಲೆ, ಚಾಕು ಮುಟ್ಟದ ಕಡೆ! ಕೈಗವಸು ಕಿತ್ತೆಸೆದು ಕೋಲ್ಡ್ ರೂಮಿಗೆ ನುಗ್ಗಿದೆ. ದಿನಾ ಹೋಗಿ ಬರುತ್ತಿದ್ದ ಜಾಗ. ಮೂಗು ಕೊಟ್ಟು ನಿಂತಾಗಲೇ ಗೊತ್ತಾದದ್ದು, ಚಳಿಯ ಅಡಿಯಲ್ಲಿ ಎಲ್ಲೋ ಸಿಹಿ ವಾಸನೆ. ಫ್ಯಾನಿನ ಕೆಳಗೆ, ಖಾಲಿ ಕ್ರೇಟುಗಳ ಹಿಂದೆ ಒಂದು ರಟ್ಟಿನ ಪೆಟ್ಟಿಗೆ. ತುಂಬಾ ಮರಸೇಬು, ಒಂದೊಂದನ್ನೂ ಕಾಗದದಲ್ಲಿ ಸುತ್ತಿ ಇಟ್ಟಿತ್ತು. ಮೇಲೆ ಹೊದಿಸಿದ್ದ ನೀಲಿ ಚೌಕಳಿಯ ಟವೆಲ್ಲು ನಮ್ಮ ಮನೆಯದು.

ಇಲ್ಲಿ ಸ್ವಲ್ಪ ನಿಲ್ಲಬೇಕು. ನಾನು ಅಲ್ಲಿ ನಿಂತಿದ್ದೆ, ಇದು ಯಾರದು ಎಂದು ನನಗೆ ಗೊತ್ತಿತ್ತು, ಬಾಗಿಲು ಮುಚ್ಚಿತ್ತು, ಒಳಗೆ ನಾನೊಬ್ಬಳೇ ಇದ್ದೆ. ಹೊರಗೆ ಹೋಗಿ ಅತ್ತೆಯ ತೋಳು ಹಿಡಿದು ಪಕ್ಕಕ್ಕೆ ಕರೆಯಬಹುದಿತ್ತು. ಕಿವಿಯಲ್ಲಿ ಹೇಳಬಹುದಿತ್ತು. ಅದು ನನಗೆ ಹೊಳೆಯಲಿಲ್ಲ ಎಂದರೆ ಸುಳ್ಳಾಗುತ್ತದೆ. ಹೊಳೆಯಿತು. ಬೇಡ ಅನ್ನಿಸಿತು.

ಪೆಟ್ಟಿಗೆ ಎತ್ತಿಕೊಂಡು ಬಂದು ಮೇಜಿನ ನಡುವೆ ಧಡಾರನೆ ಇಟ್ಟೆ. ಚಾಕುಗಳು ನಿಂತವು. ಯಾರೋ ಡ್ರಮ್ಮನ್ನೂ ನಿಲ್ಲಿಸಿದರು.

"ಅತ್ತೆ, ಇದೇನು? ಇದೂ ನನ್ನ ಕೈಗುಣಾನಾ?"

ಅತ್ತೆ ಟವೆಲ್ಲನ್ನು ನೋಡಿದರು. ನಾನು ಬಿಡಲಿಲ್ಲ. ಹಾರ್ನ್ ಹೇಳಿದ್ದನ್ನೆಲ್ಲ, ಹಣ್ಣಿನ ಉಸಿರು, ದಂಟಿನ ಚುಕ್ಕೆ, ಫೋನಿನಲ್ಲಿ ಕೇಳಿಸಿಕೊಂಡ ಮಾತು, ಎಲ್ಲವನ್ನೂ ಎಲ್ಲರಿಗೂ ಕೇಳುವ ಹಾಗೆ ಬಿಡಿಸಿ ಹೇಳಿದೆ. "ಸೊಸೆ ಅಂತ ಮುಚ್ಚಿಡಲ್ಲ ಅಂದ್ರಲ್ಲ, ನಾನೂ ಅತ್ತೆ ಅಂತ ಮುಚ್ಚಿಡಲ್ಲ" ಎಂದೆ. ಆ ಮಾತು ಹೇಳುವಾಗ ನಾಲಿಗೆಗೆ ರುಚಿಯೇ ಆಗಿತ್ತು. ಅದನ್ನು ನೆನೆದರೆ ಈಗ ಮೈಯೆಲ್ಲ ಕುಗ್ಗುತ್ತದೆ.

ಮೇಡಂ ಬಂದರು. "ನೀವು ಇಟ್ಟಿದ್ದಾ?" ಎಂದು ಕೇಳಿದರು.

"ಹೌದು ಮೇಡಂ, ನಾನೇ. ಮನೆ ಫ್ರಿಜ್ಜಿನ ಬಾಗಿಲು ಸರಿಯಾಗಿ ಮುಚ್ಚಲ್ಲ. ಹಣ್ಣಲ್ವಾ, ಇದ್ರಿಂದ ಏನಾಗುತ್ತೆ ಅಂದ್ಕೊಂಡೆ."

"ಸೊಪ್ಪು ಬಿಟ್ಟು ಬೇರೇನೂ ಇಡಬಾರದು ಅಂತ ಬಾಗಿಲ ಮೇಲೆ ಬರೆದಿದೆ. ಎಲ್ಲರಿಗೂ ಅದನ್ನ ಓದಿ ಹೇಳೋರು ನೀವೇ."

ಅತ್ತೆ ಬೆನ್ನ ಹಿಂದೆ ಕೈ ಹಾಕಿ ತಾವೇ ಹಸಿರು ಏಪ್ರನ್ನಿನ ಗಂಟು ಬಿಚ್ಚಿದರು, ಮಡಿಸಿದರು, ಮೇಜಿನ ಮೇಲೆ ಇಟ್ಟರು. ಮೇಡಂ ಅದನ್ನು ಎತ್ತಿ, ಸುತ್ತ ನೋಡಿ, ನನ್ನ ಕೈಗೆ ಕೊಟ್ಟರು. ಅತ್ತೆ ತೊಟ್ಟಿಯ ಹತ್ತಿರ ಹೋಗಿ ನಾನು ಎಸೆದಿದ್ದ ಕೈಗವಸನ್ನು ಹಾಕಿಕೊಂಡರು. ಒಳಗೆ ಒದ್ದೆಯಾಗಿತ್ತೋ ಏನೋ, ಒಂದು ಕ್ಷಣ ಮುಖ ಕಿವುಚಿದರು.

ಸಂಜೆ ಬಸ್ಸಿನಲ್ಲಿ ಅಕ್ಕಪಕ್ಕ ಕೂತೆವು, ಬೇರೆ ಸೀಟು ಇರಲಿಲ್ಲ. ಪೆಟ್ಟಿಗೆ ಅತ್ತೆಯ ತೊಡೆಯ ಮೇಲಿತ್ತು. ಮುಂದಿನ ಸೀಟಿನ ಹೆಂಗಸು ತಿರುಗಿ, "ಒಳ್ಳೆ ಘಮ ಬರ್ತಿದೆ, ಎಲ್ಲಿ ತಗೊಂಡ್ರಿ?" ಎಂದು ಕೇಳಿದಳು. ಅತ್ತೆ ಅಂಗಡಿಯ ದಾರಿ ಹೇಳಿದರು. ನಾನು ಕಿಟಕಿಯ ಹೊರಗೆ ನೋಡುತ್ತಾ ಕೂತೆ. ಆಗಲೂ ನನ್ನದೇ ಸರಿ ಎಂದುಕೊಂಡಿದ್ದೆ.

ಮನೆಗೆ ಬಂದಾಗ ನನ್ನ ಗಂಡ ಬಾಗಿಲಲ್ಲೇ ಪೆಟ್ಟಿಗೆ ಇಳಿಸಿಕೊಂಡರು. ಅತ್ತೆ ಮುಖ ತೊಳೆಯಲು ಒಳಗೆ ಹೋದರು.

"ಇವತ್ತೇ ತಂದ್ಬಿಟ್ರಾ? ಮಾವ ಬರೋದು ಭಾನುವಾರ ಅಲ್ವಾ?"

"ಯಾವ ಮಾವ?"

"ನಿಮ್ಮಪ್ಪ. ಅಮ್ಮ ನಿನಗೆ ಹೇಳಿಲ್ವಾ? ಎರಡು ವಾರದ ಹಿಂದೇನೇ ಬರ್ತಾರೆ ಅಂತ ಗಟ್ಟಿ ಹಣ್ಣು ತಂದು, ತನ್ನ ಮಂಚದ ಕೆಳಗಿಟ್ಟು ಹಣ್ಣು ಮಾಡಿದ್ಳು. ಮಾವ ಬರೋದು ಮುಂದಕ್ಕೆ ಹೋಯ್ತಲ್ಲ, ಅಷ್ಟರಲ್ಲಿ ಕೊಳೆತು ಹೋಗುತ್ತೆ ಅಂತ ನೀನು ರಜೆ ಹಾಕಿದ್ದ ದಿನ ನಿಮ್ಮ ಕೋಲ್ಡ್ ರೂಮಲ್ಲಿ ಇಟ್ಟಿದ್ಳು. ನೀನು ಆ ಸಲ ಅಷ್ಟು ಕೂಗಾಡಿದ್ಯಲ್ಲ."

ಕೂಗಾಡಿದ್ದೆ. ಅಪ್ಪ ಹಲ್ಲೆಲ್ಲ ಕೀಳಿಸಿಕೊಂಡ ಹೊಸದರಲ್ಲಿ ನಮ್ಮ ಮನೆಗೆ ಬಂದಿದ್ದ. ಅತ್ತೆ ಸೇಬು ಹೆಚ್ಚಿ ತಟ್ಟೆಯಲ್ಲಿ ಇಟ್ಟಿದ್ದರು. ಅಪ್ಪ ಒಂದು ಹೋಳು ಕೈಯಲ್ಲಿ ಹಿಡಿದುಕೊಂಡೇ ಮಾತಾಡುತ್ತಾ ಕೂತಿದ್ದ. ಬಸ್ ಹತ್ತಿಸಲು ಹೋದಾಗ ಅವನ ಅಂಗಿಯ ಜೇಬು ಒದ್ದೆಯಾಗಿದ್ದು ಕಂಡು ಕೈ ಹಾಕಿದರೆ ಆ ಹೋಳು ಸಿಕ್ಕಿತು. "ತಟ್ಟೇಲಿ ಬಿಟ್ರೆ ಬೀಗರು ಬೇಜಾರು ಮಾಡ್ಕೋತಾರೆ ಅಂತ" ಎಂದು ನಕ್ಕ. ನಾನು ಮನೆಗೆ ಬಂದು ಆ ಹೋಳನ್ನು ಅತ್ತೆಯ ಮುಂದೆ ಇಟ್ಟು, "ಹಲ್ಲಿಲ್ಲದವನಿಗೆ ಇದನ್ನ ಕೊಟ್ಟು ಕೂರಿಸ್ತೀರಲ್ಲ, ನಮ್ಮಪ್ಪ ಅಂದ್ರೆ ಅಷ್ಟು ಸಸಾರನಾ?" ಎಂದು ಹಾರಾಡಿದ್ದೆ. ಆಗಲೂ ಅತ್ತೆ ತಿರುಗಿ ಒಂದು ಮಾತು ಆಡಿರಲಿಲ್ಲ.

ಬಚ್ಚಲಮನೆಯಲ್ಲಿ ನೀರು ಬೀಳುವ ಸದ್ದು ಕೇಳುತ್ತಿತ್ತು. ನನ್ನ ಚೀಲದಲ್ಲಿ ಹಸಿರು ಏಪ್ರನ್ ಇತ್ತು. ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಅತ್ತೆ ಹೊರಗೆ ಬಂದಾಗ ಅಡ್ಡ ನಿಂತು, "ಅತ್ತೆ, ನನಗೆ ಗೊತ್ತಿರಲಿಲ್ಲ, ಇದು ಅಪ್ಪನಿಗೆ ಅಂತ" ಎಂದೆ.

"ತಪ್ಪು ನಂದೇ, ಬಿಡು. ಇಡಬಾರದ ಕಡೆ ಇಟ್ಟೆ, ಕೇಳಬೇಕಾದ್ದನ್ನ ಸರಿಯಾಗಿ ಕೇಳಲಿಲ್ಲ, ನಿನ್ನ ಮೇಲೆ ಹಾಕ್ದೆ." ಅತ್ತೆ ಮುಖ ಒರೆಸಿಕೊಳ್ಳುತ್ತಿದ್ದರು, ಅದೇ ನೀಲಿ ಟವೆಲ್ಲಿನಲ್ಲಿ. "ಆದ್ರೆ ಮೇಜಿನ ಮೇಲೆ ಇಡಬಾರದಿತ್ತು ಕಣೇ. ಒಂದು ಮಾತು ನನ್ನ ಕಿವೀಲಿ ಹೇಳಿದ್ದಿದ್ರೆ, ನಾನೇ ಹೋಗಿ ಮೇಡಂಗೆ ಹೇಳಿ ಚಾಕು ನಿನ್ನ ಕೈಗೆ ಕೊಡಿಸ್ತಿದ್ದೆ."

ನೀವೂ ಎಲ್ಲರ ಮುಂದೇನೇ ಹೇಳಿದಿರಲ್ಲ ಎಂಬ ಮಾತು ತುದಿನಾಲಿಗೆಯವರೆಗೆ ಬಂತು. ನೋಡಿ, ಅಂಥ ಹೊತ್ತಿನಲ್ಲೂ ಬಂತು! ನುಂಗಿಕೊಂಡೆ. ಅವರು ನನ್ನನ್ನು ಬೈದದ್ದು ತಿಳಿಯದೆ. ನಾನು ತಿಳಿದೇ, ಬಾಗಿಲ ಹಿಂದೆ ನಿಂತು ಯೋಚಿಸಿ, ಪೆಟ್ಟಿಗೆ ಎತ್ತಿಕೊಂಡು ಬಂದಿದ್ದೆ. ಎರಡೂ ಒಂದೇ ಅಲ್ಲ.

ಶನಿವಾರ ಕೆಲಸಕ್ಕೆ ಹೋದವಳೇ ಮೇಡಂ ಮುಂದೆ ನಿಂತು ಏಪ್ರನ್ ಚಾಚಿದೆ. "ಇದು ಅತ್ತೆಗೇ ಇರ್ಲಿ ಮೇಡಂ. ಹಣ್ಣು ನಮ್ಮಪ್ಪನಿಗೆ ಅಂತ ತಂದಿದ್ದು."

"ಯಾರಿಗೆ ಅಂತ ಸೊಪ್ಪಿಗೆ ಗೊತ್ತಾಗುತ್ತಾ?" ಎಂದರು ಮೇಡಂ. ಸಿಟ್ಟಿನಿಂದ ಹೇಳಲಿಲ್ಲ, ಅದೇ ಕಷ್ಟ. "ಎಲ್ಲರ ಎದುರು ಆಗಿಹೋಯ್ತು. ಈಗ ಬಿಟ್ರೆ ನಾಳೆ ಇನ್ನೊಬ್ಬರು ಇನ್ನೇನೋ ತಂದು ಇಡ್ತಾರೆ. ನೀನು ಒಳಗೇ ಬಂದು ನನಗೆ ಹೇಳಿದ್ದಿದ್ರೆ ಬೇರೆ ಮಾತು." ಥರ್ಮಾಮೀಟರ್ ತೆಗೆದುಕೊಂಡು ಹೊರಟುಹೋದರು.

ಆ ದಿನ ಹಸಿರು ಏಪ್ರನ್ ಕಟ್ಟಿಕೊಂಡು ಮೇಜಿನ ತಲೆಯಲ್ಲಿ ನಿಂತೆ. ನಿಂತ ಕಡೆಯಿಂದ ತೊಟ್ಟಿ ನೇರವಾಗಿ ಕಾಣುತ್ತದೆ. ಅತ್ತೆ ಸೊಪ್ಪು ಆಡಿಸುತ್ತಿದ್ದರು, ಆಗಾಗ ಕೈ ಹೊರಗೆ ತೆಗೆದು ಕಂಕುಳಲ್ಲಿ ಇಟ್ಟುಕೊಂಡು ಬೆಚ್ಚಗೆ ಮಾಡಿಕೊಳ್ಳುತ್ತಿದ್ದರು. ಆರಿಸುವವಳೊಬ್ಬಳು ಅಭ್ಯಾಸಬಲದಿಂದ ಅವರ ಕಡೆಗೇ ಕೂಗಿ, "ಅಮ್ಮಾ, ಇದು ಹಣ್ಣಾ ನೋಡಿ" ಎಂದು ಎಲೆ ಎತ್ತಿ ತೋರಿಸಿದಳು. ಅತ್ತೆ ಗದ್ದ ಎತ್ತಿ ನನ್ನ ಕಡೆ ತೋರಿಸಿದರು. "ಅವಳನ್ನ ಕೇಳು" ಎಂದರು. ನಾನು ಆ ಎಲೆ ನೋಡಿ ಹೌದು ಅಂದೆನೋ ಇಲ್ಲ ಅಂದೆನೋ ನೆನಪಿಲ್ಲ.

ಭಾನುವಾರ ಅಪ್ಪ ಬಂದ. ಅತ್ತೆ ಮರಸೇಬು ಹೆಚ್ಚಲು ಕೂತರು. ನಾನು ಹೆಚ್ಚುತ್ತೇನೆ ಎಂದರೂ ಕೊಡಲಿಲ್ಲ. ಒತ್ತದೆ, ಒಂದೇ ಎಳೆತ. ತೆಳ್ಳಗಿನ ಹೋಳುಗಳು ಒಂದರ ಮೇಲೊಂದು ಮಲಗಿದವು. ಅಪ್ಪ ಒಂದನ್ನು ಬಾಯಿಗಿಟ್ಟು ಕಣ್ಣು ಮುಚ್ಚಿದ.

"ಬೀಗರೇ, ಇದಕ್ಕೆ ಹಲ್ಲು ಯಾಕೆ, ನಾಲಿಗೆ ಸಾಕು!" ಎಂದು ಇನ್ನೊಂದು ತೆಗೆದುಕೊಂಡ. ಮತ್ತೆ ಇನ್ನೊಂದು. ಅವನು ಅಷ್ಟು ಇಷ್ಟಪಟ್ಟು ತಿನ್ನುವುದನ್ನು ನೋಡಿ ಬಹಳ ದಿನವಾಗಿತ್ತು. "ನಮ್ಮ ಹುಡುಗಿ ಕೆಲಸ ಹೇಗೆ ಮಾಡ್ತಿದ್ದಾಳೆ? ಅದೇ ಖಾರಾನಾ?"

ನಾನು ಬಾಯಿ ತೆರೆದೆ. ಹೇಳಿಬಿಡಬೇಕು ಎಂದು ಬೆಳಗಿನಿಂದ ಗಟ್ಟಿ ಮನಸ್ಸು ಮಾಡಿಕೊಂಡಿದ್ದೆ. ಅಷ್ಟರಲ್ಲಿ ಅತ್ತೆ ಹೇಳಿದರು.

"ಈಗ ಅವಳೇ ನಮ್ಮ ಮೇಲ್ವಿಚಾರಕಿ. ಹಸಿರು ಏಪ್ರನ್ ಅವಳದೇ. ಕೈಗುಣ ಒಳ್ಳೇದು ಬೀಗರೇ."

"ಹೌದಾ! ಹಾಗಾದ್ರೆ ನಿಮಗೂ ಮೇಲೇನಾ?"

"ನನಗೂ ಮೇಲೆ."

ಅಪ್ಪ ಬೊಚ್ಚುಬಾಯಿ ತುಂಬ ನಕ್ಕ, ಕಣ್ಣಂಚು ಒರೆಸಿಕೊಂಡ. ಆಮೇಲೆ ತಟ್ಟೆ ಮುಂದಕ್ಕೆ ತಳ್ಳುತ್ತಿದ್ದ ಅತ್ತೆಯ ಕೈ ಅವನ ಕಣ್ಣಿಗೆ ಬಿತ್ತು. "ಬೆರಳು ಯಾಕೆ ಹೀಗೆ ಊದಿಕೊಂಡಿವೆ ಬೀಗರೇ?"

"ವಯಸ್ಸಾಯ್ತಲ್ಲ" ಎಂದರು ಅತ್ತೆ. ಒಂದು ಹೋಳು ತೆಗೆದು ನನ್ನ ಅಂಗೈಯಲ್ಲಿ ಇಟ್ಟರು. "ತಿನ್ನೇ. ನಿಂತ್ಕೊಂಡು ಏನು ನೋಡ್ತೀಯ?"

ಅವರ ಬೆರಳು ಇನ್ನೂ ತಣ್ಣಗಿತ್ತು. ಅಪ್ಪ ನಗುತ್ತಾ ನನ್ನನ್ನೇ ನೋಡುತ್ತಿದ್ದ, ಅತ್ತೆಯೂ ನೋಡುತ್ತಿದ್ದರು. ಅಪ್ಪನ ಹಾಗೆ ಜೇಬಿಗೆ ಹಾಕಿಕೊಳ್ಳೋಣವೆಂದರೆ ಅದು ಹಾಗೆ ಹಾಕಿಕೊಳ್ಳುವಂಥ ಹೋಳಾಗಿರಲಿಲ್ಲ, ಅಷ್ಟು ಮೆತ್ತಗಿತ್ತು. ತಿಂದೆ.